ಕ್ರೆಡಿಟ್ ಕಾರ್ಡ್ ಸಂಸ್ಥೆಯ ಆರ್ಥಿಕ ಸ್ಥಿತಿ: ಸಲ್ಲಿಕೆ ವರದಿಗಳನ್ನು ಓದುವ ಬಗೆ

ಅಂಗಡಿಯ ಉದ್ದರಿ ಖಾತೆಯನ್ನು ನಿರ್ವಹಿಸಿದ ವರ್ತಕರಿಗೆ ಕ್ರೆಡಿಟ್ ಕಾರ್ಡ್ ಸಂಸ್ಥೆಯ ಲೆಕ್ಕಪತ್ರ ಪೂರ್ತಿ ಅಪರಿಚಿತವೇನಲ್ಲ. ಅಡಮಾನವಿಲ್ಲದೆ, ಗಿರಾಕಿಯ ಮೇಲಿನ ವಿಶ್ವಾಸದಿಂದ ಕೊಟ್ಟ ಸಾಲವೇ ಎರಡೂ ಕಡೆ ವ್ಯವಹಾರದ ಜೀವಾಳ. ಉದ್ದರಿ ಧಾರಾಳವಾದ ತಿಂಗಳಲ್ಲಿ ಮಾರಾಟ ಏರುತ್ತದೆ. ಬಾರದ ಬಾಕಿ ಕಣ್ಣಿಗೆ ಬೀಳುವುದು ಹಲವು ತಿಂಗಳುಗಳ ಬಳಿಕ. ಈ ಅಂತರದಲ್ಲಿ ಲಾಭ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇಂತಹ ಸಂಸ್ಥೆಗಳ ಷೇರು ಅಥವಾ ಡಿಬೆಂಚರುಗಳಲ್ಲಿ ಹಣ ತೊಡಗಿಸುವವರು ಈ ಒಂದು ಸಂಗತಿಯನ್ನು ಮನಗಂಡರೆ ಅರ್ಧ ಪರಿಶೀಲನೆ ಮುಗಿದಂತೆ.

ಒಂದು ನಿದರ್ಶನ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ನೆಕ್ಸ್ಟ್‌ಕಾರ್ಡ್ ಸಂಸ್ಥೆ ಅಂತರ್ಜಾಲದ ಮೂಲಕವೇ ಅರ್ಜಿ ಪಡೆದು ಕಾರ್ಡ್ ನೀಡುತ್ತಿತ್ತು. 1999ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿ ಅತಿವೇಗವಾಗಿ ಬೆಳೆಯಿತು. ತನ್ನ ಅಧೀನದ ನೆಕ್ಸ್ಟ್‌ಬ್ಯಾಂಕಿನ ಬಂಡವಾಳ ನಿಯಮಕ್ಕಿಂತ ಕಡಿಮೆಯಿದೆಯೆಂದು ನಿಯಂತ್ರಕರು ನಿರ್ಣಯಿಸಿರುವುದಾಗಿ 2001ರ ಅಕ್ಟೋಬರ್ ಅಂತ್ಯದಲ್ಲಿ ಸಂಸ್ಥೆಯೇ ಪ್ರಕಟಿಸಬೇಕಾಯಿತು. ಷೇರಿನ ಬೆಲೆ ಒಂದು ಡಾಲರಿಗಿಂತ ಕೆಳಗಿಳಿಯಿತು. 2002ರ ಫೆಬ್ರವರಿ 7ರಂದು ಸರಕಾರ ಆ ಬ್ಯಾಂಕನ್ನೇ ಮುಚ್ಚಿತು.

ನಿಯಂತ್ರಕರ ಮುಖ್ಯ ಆಕ್ಷೇಪಣೆಗಳಲ್ಲಿ ಒಂದು, ಬಾರದ ಸಾಲಗಳ ಒಂದು ಭಾಗವನ್ನು 'ವಂಚನೆಯಿಂದಾದ ನಷ್ಟ' ಎಂದು ವರ್ಗೀಕರಿಸಲಾಗಿತ್ತು ಎಂಬುದು. ಕದ್ದ ಕಾರ್ಡಿನಿಂದ ಖರೀದಿಯಾದರೆ ಅದು ವಂಚನೆ. ಕಾರ್ಡುದಾರನೇ ಹಣ ಕಟ್ಟದಿದ್ದರೆ ಅದು ಸಾಲದ ನಷ್ಟ. ಮೊದಲನೆಯದನ್ನು ಬಿಡಿ ಖರ್ಚೆಂದು ತೋರಿಸಿ ಮುಗಿಸಬಹುದು. ಎರಡನೆಯದಾದರೆ ಉಳಿದ ಸಾಲಗಳ ಮೇಲೂ ಹೆಚ್ಚಿನ ಪ್ರಾವಿಷನ್ ಹಾಗೂ ಹೆಚ್ಚಿನ ಬಂಡವಾಳ ಇಡಬೇಕಾಗುತ್ತದೆ. ಶೀರ್ಷಿಕೆಯೊಂದು ಬದಲಾದರೆ ಸಂಸ್ಥೆಯ ಆರೋಗ್ಯದ ಚಿತ್ರವೇ ಬದಲಾಗುತ್ತದೆ. ಈ ಸಂಸ್ಥೆಯ ಪರಿಶೋಧನೆಯ ಕಡತಗಳನ್ನು ತಿದ್ದಿದ ಪ್ರಕರಣದಲ್ಲಿ ಲೆಕ್ಕಪರಿಶೋಧನಾ ಸಂಸ್ಥೆಯ ಪಾಲುದಾರರೊಬ್ಬರು 2005ರಲ್ಲಿ ಒಂದು ವರ್ಷದ ಸೆರೆವಾಸಕ್ಕೆ ಗುರಿಯಾದರು. ಪರಿಶೋಧಕರ ಸಹಿ ಇದೆಯೆಂಬ ಕಾರಣಕ್ಕೆ ಓದುಗರು ತಮ್ಮ ವಿವೇಚನೆಯನ್ನು ಬದಿಗಿಡಲಾಗದು.

ವರದಿಗಳು ದೊರೆಯುವುದೆಲ್ಲಿ?

ಅಮೆರಿಕದಲ್ಲಿ ನೋಂದಾಯಿತ ಸಂಸ್ಥೆಗಳು 10-ಕೆ ನಮೂನೆಯಲ್ಲಿ ವಾರ್ಷಿಕ ವರದಿಯನ್ನೂ 10-ಕ್ಯೂ ನಮೂನೆಯಲ್ಲಿ ತ್ರೈಮಾಸಿಕ ವರದಿಯನ್ನೂ ಷೇರುಪೇಟೆ ನಿಯಂತ್ರಣ ಆಯೋಗಕ್ಕೆ ಸಲ್ಲಿಸುತ್ತವೆ. ಭಾರತದಲ್ಲಿ ಕಾರ್ಡ್ ವ್ಯವಹಾರವನ್ನೇ ಮುಖ್ಯವಾಗಿ ನಡೆಸುವ ಎಸ್‌ಬಿಐ ಕಾರ್ಡ್ಸ್ ಸಂಸ್ಥೆ 2020ರ ಮಾರ್ಚ್‌ನಲ್ಲಿ ಷೇರುಪೇಟೆಯ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿರುವ ಸಂಸ್ಥೆಗಳು ಸೆಬಿಯ ನಿಯಮದಂತೆ ತ್ರೈಮಾಸಿಕ ಫಲಿತಾಂಶವನ್ನು 45 ದಿನಗಳೊಳಗೆ, ವರ್ಷಾಂತ್ಯದ ಫಲಿತಾಂಶವನ್ನು 60 ದಿನಗಳೊಳಗೆ ಷೇರು ವಿನಿಮಯ ಕೇಂದ್ರಗಳಿಗೆ ಸಲ್ಲಿಸಬೇಕು. ಇವು ಯಾರಿಗೂ ಉಚಿತವಾಗಿ ಲಭ್ಯ. ಬ್ಯಾಂಕಿನೊಳಗೇ ಇರುವ ಕಾರ್ಡ್ ವಿಭಾಗದ ಲೆಕ್ಕ ಮಾತ್ರ ಇತರ ವ್ಯವಹಾರಗಳೊಡನೆ ಬೆರೆತಿರುತ್ತದೆ. ಅಂತಹ ಕಡೆ ಕಾರ್ಡುಗಳ ಸಂಖ್ಯೆ ಹಾಗೂ ಖರ್ಚಿನ ಬಗ್ಗೆ ರಿಸರ್ವ್ ಬ್ಯಾಂಕ್ ಪ್ರತಿ ತಿಂಗಳು ಪ್ರಕಟಿಸುವ ಬ್ಯಾಂಕುವಾರು ಅಂಕಿಅಂಶ ಸ್ವಲ್ಪ ನೆರವಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕ

ವರ್ಷಾರಂಭದಲ್ಲಿ ಒಂದು ಸಂಸ್ಥೆಯ ಕಾರ್ಡ್ ಸಾಲ 1,000 ಕೋಟಿ ರೂ., ವರ್ಷಾಂತ್ಯದಲ್ಲಿ 2,000 ಕೋಟಿ ರೂ. ಎಂದಿಟ್ಟುಕೊಳ್ಳೋಣ. ಅನುತ್ಪಾದಕ ಸಾಲ ಆರಂಭದಲ್ಲಿ 25 ಕೋಟಿ. ವರ್ಷದಲ್ಲಿ ಹೊಸದಾಗಿ ಸೇರಿದ್ದು 85 ಕೋಟಿ. ವಸೂಲಾದದ್ದು 10 ಕೋಟಿ. ಬಾರದೆಂದು ಲೆಕ್ಕದಿಂದ ಕೈಬಿಟ್ಟದ್ದು, ಅಂದರೆ ರೈಟ್ ಆಫ್ ಮಾಡಿದ್ದು, 60 ಕೋಟಿ. ಕೊನೆಗೆ ಉಳಿದದ್ದು 40 ಕೋಟಿ.

1. ಅನುತ್ಪಾದಕ ಸಾಲದ ಪ್ರಮಾಣ: ಕನಿಷ್ಠ ಪಾವತಿ ಮೊತ್ತವನ್ನು ಗಡುವಿನಿಂದ 90 ದಿನಗಳೊಳಗೆ ಪೂರ್ಣವಾಗಿ ಕಟ್ಟದ ಖಾತೆಯನ್ನು ರಿಸರ್ವ್ ಬ್ಯಾಂಕಿನ ನಿಯಮ ಅನುತ್ಪಾದಕವೆನ್ನುತ್ತದೆ. ಮೇಲಿನ ಸಂಸ್ಥೆಯಲ್ಲಿ ಈ ಪ್ರಮಾಣ ಶೇ. 2.5ರಿಂದ ಶೇ. 2ಕ್ಕೆ ಇಳಿಯಿತು. ಪತ್ರಿಕಾ ಪ್ರಕಟಣೆಯಲ್ಲಿ ಇದು 'ಸುಧಾರಣೆ' ಎನಿಸೀತು. ಆದರೆ 60 ಕೋಟಿ ರೂ. ಕೈಬಿಟ್ಟಿದ್ದರಿಂದಲೂ ಒಟ್ಟು ಸಾಲ ಇಮ್ಮಡಿಯಾದದ್ದರಿಂದಲೂ ಈ ಇಳಿಕೆ ಕಂಡಿತೇ ಹೊರತು ಗಿರಾಕಿಗಳು ಸರಿಯಾಗಿ ಕಟ್ಟಿದ್ದರಿಂದಲ್ಲ. ಆದುದರಿಂದ ಹೊಸದಾಗಿ ಸೇರಿದ್ದೆಷ್ಟು, ಕೈಬಿಟ್ಟದ್ದೆಷ್ಟು ಎಂಬುದನ್ನು ಟಿಪ್ಪಣಿಗಳಲ್ಲಿ ಹುಡುಕಬೇಕು.

2. ನಷ್ಟದ ನಿಜವಾದ ದರ: ಕೈಬಿಟ್ಟ 60 ಕೋಟಿ ರೂ. ವರ್ಷಾಂತ್ಯದ ಸಾಲದ ಮೇಲೆ ಶೇ. 3, ಸರಾಸರಿ ಸಾಲದ ಮೇಲೆ ಶೇ. 4; ವರ್ಷಾರಂಭದ ಸಾಲದ ಮೇಲೆ ಶೇ. 6. ಹೊಸ ಸಾಲಗಳಿಗೆ ಕೆಡಲು ಇನ್ನೂ ಸಮಯವೇ ಆಗಿಲ್ಲ. ಅವುಗಳಲ್ಲಿಯೂ ಕೆಲವು ಬೇಗನೆ ಕೆಡುವುದರಿಂದ ಕೊನೆಯ ಲೆಕ್ಕ ಕೊಂಚ ಕಠಿಣವೇ ಸರಿ. ಆದರೆ ಮೂರು ದರಗಳ ನಡುವೆ ಅಂತರ ಹೆಚ್ಚಿದಷ್ಟೂ ಎಚ್ಚರಿಕೆ ಅಗತ್ಯ. ಇದಲ್ಲದೆ 20 ಕೋಟಿ ರೂ. 'ವಂಚನೆ'ಯ ಹೆಸರಿನಲ್ಲಿ ಇತರ ಖರ್ಚಿಗೆ ಸೇರಿದ್ದರೆ ಅದನ್ನೂ ಕೂಡಿಸಿ ನೋಡಬೇಕು. ಆಗ ಶೇ. 6 ಇದ್ದದ್ದು ಶೇ. 8 ಆಗುತ್ತದೆ.

3. ಪ್ರಾವಿಷನ್: ಈ ಸಂಸ್ಥೆ ಆರಂಭದಲ್ಲಿ 40 ಕೋಟಿ ರೂ. ಮೀಸಲಿಟ್ಟಿತ್ತು, ವರ್ಷದಲ್ಲಿ 65 ಕೋಟಿ ಸೇರಿಸಿತು ಎನ್ನೋಣ. 60 ಕೋಟಿ ರೈಟ್ ಆಫ್‌ಗೆ ಹೋದರೆ ಉಳಿದದ್ದು 45 ಕೋಟಿ. ಮೊತ್ತ ಏರಿತು, ಆದರೆ ಸಾಲಕ್ಕೆ ಹೋಲಿಸಿದರೆ ರಕ್ಷಣೆ ಶೇ. 4ರಿಂದ ಶೇ. 2.25ಕ್ಕೆ ಕುಸಿಯಿತು. ಹಳೆಯ ಪ್ರಮಾಣವನ್ನೇ ಕಾಯ್ದುಕೊಳ್ಳಲು 80 ಕೋಟಿ ಬೇಕಿತ್ತು. ಅಂದರೆ ತೆರಿಗೆಗೆ ಮುನ್ನ ತೋರಿಸಿದ ಲಾಭದಲ್ಲಿ 35 ಕೋಟಿ ರೂ. ಕೇವಲ ಈ ಕೊರತೆಯ ಫಲ. ಭಾರತೀಯ ಲೆಕ್ಕಮಾನಕ 109ರ ಪ್ರಕಾರ ಸಾಲಗಳನ್ನು ಮೂರು ಹಂತಗಳಾಗಿ ವಿಂಗಡಿಸಿ ತೋರಿಸುವ ಪಟ್ಟಿ ಇಲ್ಲಿ ಬಹಳ ಉಪಯುಕ್ತ. ಸಾಮಾನ್ಯವಾಗಿ 30 ದಿನ ಮೀರಿದ ಬಾಕಿ ಎರಡನೆಯ ಹಂತಕ್ಕೂ 90 ದಿನ ಮೀರಿದ್ದು ಮೂರನೆಯದಕ್ಕೂ ಸೇರುತ್ತದೆ. ಎರಡನೆಯ ಹಂತ ಉಬ್ಬತೊಡಗಿದರೆ ಮುಂದಿನ ತ್ರೈಮಾಸಿಕಗಳ ನಷ್ಟಕ್ಕೆ ಅದು ಮುನ್ಸೂಚನೆ.

4. ಬಂಡವಾಳ: ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಸಾಮಾನ್ಯವಾಗಿ ಕನಿಷ್ಠ ಶೇ. 15ರಷ್ಟು ಬಂಡವಾಳ ಪ್ರಮಾಣ ಕಾಯ್ದುಕೊಳ್ಳಬೇಕು. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್ ಇಂತಹ ಸಂಸ್ಥೆಗಳ ಕಾರ್ಡ್ ಬಾಕಿಗಳ ಅಪಾಯದ ತೂಕವನ್ನು ಶೇ. 100ರಿಂದ ಶೇ. 125ಕ್ಕೆ ಏರಿಸಿತು. 2,000 ಕೋಟಿ ಸಾಲಕ್ಕೆ 360 ಕೋಟಿ ಬಂಡವಾಳವಿದ್ದರೆ, ಇತರ ಆಸ್ತಿಗಳನ್ನು ಬದಿಗಿಟ್ಟು ನೋಡಿದಾಗ, ಹಳೆಯ ಲೆಕ್ಕದಲ್ಲಿ ಪ್ರಮಾಣ ಶೇ. 18. ಹೊಸ ತೂಕದಲ್ಲಿ ಅದೇ ಸಾಲ 2,500 ಕೋಟಿಗೆ ಸಮ, ಪ್ರಮಾಣ ಶೇ. 14.4. ಒಂದು ರೂಪಾಯಿಯೂ ನಷ್ಟವಾಗದೆ ಸಂಸ್ಥೆ ಮಿತಿಗಿಂತ ಕೆಳಗಿಳಿಯುತ್ತದೆ.

5. ಆದಾಯ ಮತ್ತು ಸಾಲದ ಮೂಲ: ಪ್ರತಿ ತಿಂಗಳು ಪೂರ್ತಿ ಹಣ ಕಟ್ಟುವವರಿಂದ ಬಡ್ಡಿ ಬಾರದು, ಬಾಕಿ ಮುಂದೂಡುವವರಿಂದ ಬಡ್ಡಿಯೂ ಬರುತ್ತದೆ, ಅಪಾಯವೂ ಬರುತ್ತದೆ. ಇವರಿಬ್ಬರ ಹಾಗೂ ಮಾಸಿಕ ಕಂತಿನ ಸಾಲಗಾರರ ಪಾಲು ಹೇಗೆ ಬದಲಾಗುತ್ತಿದೆಯೆಂದು ಗಮನಿಸಬೇಕು. ಸಂಸ್ಥೆ ಸಾರ್ವಜನಿಕರ ಠೇವಣಿ ಪಡೆಯದಿದ್ದರೆ ಬ್ಯಾಂಕ್ ಸಾಲ, ಡಿಬೆಂಚರು ಮತ್ತು ವಾಣಿಜ್ಯ ಪತ್ರಗಳನ್ನೇ ಅವಲಂಬಿಸುತ್ತದೆ. ಒಂದು ವರ್ಷದೊಳಗೆ ತೀರಿಸಬೇಕಾದ ಸಾಲವೆಷ್ಟು, ಅದೇ ಅವಧಿಯಲ್ಲಿ ಬರಬೇಕಾದ ಹಣವೆಷ್ಟು ಎಂಬ ಪಟ್ಟಿ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿರುತ್ತದೆ.

ಓದುವ ಕ್ರಮ

ಒಂದೇ ತ್ರೈಮಾಸಿಕದ ವರದಿಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಎಂಟು ತ್ರೈಮಾಸಿಕಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದುಕೊಂಡರೆ ಒಲವು ತಾನಾಗಿ ಗೋಚರಿಸುತ್ತದೆ. ವರ್ಗೀಕರಣ ಅಥವಾ ಲೆಕ್ಕದ ಪದ್ಧತಿ ಬದಲಾಗಿದೆಯೆಂಬ ಟಿಪ್ಪಣಿ ಕಂಡಲ್ಲಿ ಕಾರಣವನ್ನೂ ಲಾಭದ ಮೇಲಿನ ಪರಿಣಾಮವನ್ನೂ ಗುರುತಿಸಿಕೊಳ್ಳಬೇಕು. ಅಧ್ಯಕ್ಷರ ಭಾಷಣ ಕೊನೆಗೆ ಓದಿದರೂ ನಡೆದೀತು. ಟಿಪ್ಪಣಿಗಳನ್ನು ಮೊದಲು ಓದಬೇಕು.

ಸ್ವಂತ ಉದ್ದರಿ ಖಾತೆಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಈ ವರ್ಷ ಮುಳುಗಿದ ಬಾಕಿಯನ್ನು ಈ ವರ್ಷದ ಏರಿದ ಮಾರಾಟದೊಡನೆ ಹೋಲಿಸಿ ಸಮಾಧಾನಪಡುವ ವರ್ತಕರು, ಅದನ್ನು ಕಳೆದ ವರ್ಷ ಕೊಟ್ಟ ಉದ್ದರಿಯೊಡನೆಯೂ ಒಮ್ಮೆ ಹೋಲಿಸಿ ನೋಡುವುದು ಒಳಿತು.