ಹಳೆಯ ಟ್ರಾಕ್ಟರನ್ನು ಪರೀಕ್ಷಿಸಿ ನ್ಯಾಯವಾದ ಬೆಲೆಗೆ ಕೊಳ್ಳುವುದನ್ನು ಕುರಿತ ಪಾಠ



ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯ ದನಗಳ ಜಾತ್ರೆಯು ನಮ್ಮ ಸೀಮೆಯವರೆಲ್ಲರಿಗೂ ತಿಳಿದದ್ದೇ. ಅಲ್ಲಿ ಎತ್ತನ್ನು ಕೊಳ್ಳುವ ರೈತನು ಮೊದಲು ಅದರ ಬಾಯಿಯನ್ನು ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಅನಂತರವೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತಿಗೆ ಬರುತ್ತಾನೆ. ಆದರೆ ಅದೇ ರೈತನು ಎತ್ತಿಗಿಂತ ಹೆಚ್ಚು ಹಣವನ್ನು ಕೊಟ್ಟು ಹಳೆಯ ಟ್ರಾಕ್ಟರನ್ನು ಕೊಳ್ಳುವಾಗ, ಹೊಸದಾಗಿ ಬಳಿದ ಬಣ್ಣವನ್ನೂ ದಳ್ಳಾಳಿಯ ಮಾತನ್ನೂ ನಂಬಿ ಒಂದೇ ಗಳಿಗೆಯಲ್ಲಿ ಮುಂಗಡವನ್ನು ಕೊಟ್ಟುಬಿಡುತ್ತಾನೆ.

ನಾವೂ ಈ ತಪ್ಪನ್ನು ಮಾಡಿದವರೇ. ನಾವು ಕೊಂಡ ಟ್ರಾಕ್ಟರಿನ ಇಂಜಿನು ಚೆನ್ನಾಗಿ ಓಡುತ್ತಿತ್ತು. ಆದರೆ ನಾಲೆಗೆ ನೀರು ಬಂದು ಗದ್ದೆಗೆ ಇಳಿಸಿದ ಮೂರನೆಯ ದಿನವೇ ಹಿಂದಿನ ಚಕ್ರದ ಬೇರಿಂಗು ಮುರಿದು, ಯಂತ್ರವು ಕೆಸರಿನ ನಡುವೆ ನಿಂತುಬಿಟ್ಟಿತು. ಅದನ್ನು ಸರಿಮಾಡಿಸುವಷ್ಟರಲ್ಲಿ ಪೈರು ಒಟ್ಲಿನಲ್ಲಿಯೇ ಬಲಿತುಹೋಯಿತು. ಬೇರೆಯವರಿಗೆ ಹೀಗಾಗಬಾರದೆಂದು ಈ ಪಾಠವನ್ನು ಬರೆಯುತ್ತೇವೆ.

1. ಮೊದಲು ಮನೆಯಲ್ಲಿ ಕುಳಿತು ಲೆಕ್ಕ ಮಾಡತಕ್ಕದ್ದು

ಎರಡು ಮೂರು ಎಕರೆಯುಳ್ಳವನಿಗೆ ಸ್ವಂತ ಟ್ರಾಕ್ಟರು ಬೇಕೋ ಎಂಬುದೇ ಮೊದಲನೆಯ ಪ್ರಶ್ನೆ. ವರುಷದಲ್ಲಿ ಬಾಡಿಗೆಗೆ ಎಷ್ಟು ಹಣ ಕೊಡುತ್ತೇವೆ, ಸಾಲ ಮಾಡಿ ಕೊಂಡರೆ ಬಡ್ಡಿ ಎಷ್ಟು, ಡೀಸೆಲು ಮತ್ತು ರಿಪೇರಿಯ ಖರ್ಚು ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಕರ್ನಾಟಕ ಸರಕಾರವು 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯ ಉದ್ದೇಶವೇ ಇಂಥ ಸಣ್ಣ ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವುದು. ಬಾಡಿಗೆಯೇ ಕಡಿಮೆಯೆಂದು ಕಂಡರೆ ಹೆಂಡತಿಯ ಒಡವೆಯನ್ನು ಅಡವಿಟ್ಟು ಟ್ರಾಕ್ಟರನ್ನು ಕೊಳ್ಳುವುದು ಬುದ್ಧಿಯಲ್ಲ.

2. ಅದು ಎಲ್ಲಿ ದುಡಿಯಿತೆಂದು ವಿಚಾರಿಸತಕ್ಕದ್ದು

ಒಂದೇ ವರುಷದಲ್ಲಿ ತಯಾರಾದ ಎರಡು ಟ್ರಾಕ್ಟರುಗಳು ಒಂದೇ ರೀತಿಯಲ್ಲಿ ಸವೆಯುವುದಿಲ್ಲ. ಕಬಿನಿಯ ನಾಲೆಯ ಕೆಳಗಣ ಗದ್ದೆಗಳಲ್ಲಿ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡು ಕೆಸರು ಮಾಡಿದ ಟ್ರಾಕ್ಟರಿನಲ್ಲಿ, ಕೆಸರುನೀರು ಆಯಿಲ್ ಸೀಲುಗಳನ್ನು ದಾಟಿ ಹಿಂದಿನ ಆಕ್ಸಲಿನೊಳಕ್ಕೂ ಗೇರುಗಳೊಳಕ್ಕೂ ಹೋಗುತ್ತದೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರೈಲರನ್ನು ಎಳೆದ ಟ್ರಾಕ್ಟರಿನಲ್ಲಿ ಕ್ಲಚ್ಚು, ಬ್ರೇಕು ಮತ್ತು ಟೈರುಗಳು ಮೊದಲು ಸವೆಯುತ್ತವೆ. ಒಣಭೂಮಿಯ ಧೂಳಿನಲ್ಲಿ ಉತ್ತ ಟ್ರಾಕ್ಟರಿನ ಏರ್ ಫಿಲ್ಟರನ್ನು ನೋಡಿಕೊಳ್ಳದಿದ್ದರೆ, ಧೂಳು ಒಳಗೆ ಸೇರಿ ಇಂಜಿನಿನ ಪಿಸ್ಟನು, ರಿಂಗು, ಲೈನರುಗಳನ್ನು ತಿಂದುಹಾಕುತ್ತದೆ. ಹೀಗಿರಲಾಗಿ ಇದರ ಹಿಂದಿನ ಕೆಲಸವೇನೆಂದು ಯಜಮಾನನನ್ನು ಮಾತ್ರವಲ್ಲ, ಅದನ್ನು ಓಡಿಸಿದ ಡ್ರೈವರನನ್ನೂ ಕೇಳಿರಿ.

ಗಂಟೆ ತೋರಿಸುವ ಮೀಟರನ್ನು ಮಾತ್ರ ನಂಬಬೇಡಿರಿ. ಯಾಕಂದರೆ ಅದು ಕೆಟ್ಟು ನಿಂತಿರಬಹುದು, ಬದಲಾಯಿಸಿದ್ದೂ ಇರಬಹುದು. ಮೀಟರು ಕಡಿಮೆ ಗಂಟೆಯನ್ನು ತೋರಿಸಿದರೂ ಕ್ಲಚ್ ಪೆಡಲು ಕಾಲು ತಾಗಿ ತಾಗಿ ನುಣುಪಾಗಿದ್ದರೆ ಪೆಡಲಿನ ಸಾಕ್ಷಿಯನ್ನೇ ಒಪ್ಪಿಕೊಳ್ಳಿರಿ.

3. ಇಂಜಿನು ತಣ್ಣಗಿರುವಾಗ ಹೋಗತಕ್ಕದ್ದು

ಬೆಳಿಗ್ಗೆ ಮುಂಚಿತವಾಗಿ ಹೋಗಿ, ಇಂಜಿನಿನ ಮೇಲೆ ಕೈಯಿಟ್ಟು ನೋಡಿರಿ. ಅದು ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆಂದು ತಿಳಿದು, ಮತ್ತೊಂದು ದಿನ ಬರುತ್ತೇವೆಂದು ಹೇಳಿರಿ. ತಣ್ಣಗಿರುವ ಇಂಜಿನು ಹತ್ತುವುದಕ್ಕೆ ಪಡುವ ಕಷ್ಟವನ್ನು ಬಿಸಿಯಾದ ಇಂಜಿನು ತೋರಿಸುವುದಿಲ್ಲ.

ರೇಡಿಯೇಟರಿನ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆಗೆಯಿರಿ. ನೀರಿನ ಮೇಲೆ ಎಣ್ಣೆಯ ಪೊರೆ ಇದ್ದರೂ, ಅಳತೆಯ ಕಡ್ಡಿಗೆ ಅಂಟಿದ ಆಯಿಲು ಹಾಲು ಬೆರೆಸಿದ ಕಾಫಿಯಂತೆ ಕಂಡರೂ, ನೀರು ಮತ್ತು ಎಣ್ಣೆ ಒಳಗೆ ಕೂಡಿಕೊಂಡಿವೆ ಎಂದರ್ಥ.

ಅನಂತರ ಇಂಜಿನನ್ನು ಓಡಿಸಿ ಹೊಗೆಯನ್ನು ನೋಡಿರಿ. ಹತ್ತಿದ ಕೂಡಲೇ ಸ್ವಲ್ಪ ಹೊಗೆ ಬಂದು ನಿಲ್ಲುವುದು ದೋಷವಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಇಂಜಿನು ಆಯಿಲನ್ನು ಸುಡುತ್ತಿದೆ. ಹಗುರವಾದ ಕೆಲಸಕ್ಕೂ ದಟ್ಟವಾದ ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೆ ಡೀಸೆಲು ಸರಿಯಾಗಿ ಉರಿಯುತ್ತಿಲ್ಲ. ಇದು ಫಿಲ್ಟರಿನ ಅಥವಾ ನಾಜಲಿನ ದೋಷವಾಗಿದ್ದರೆ ಕಡಿಮೆ ಖರ್ಚಿನಲ್ಲಿ ತೀರುತ್ತದೆ. ಬಿಳಿ ಹೊಗೆ ನಿಲ್ಲದೆ ಬಂದು ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಎಚ್ಚರವಾಗಿರಿ. ಇಂಜಿನು ನಿಧಾನವಾಗಿ ಓಡುತ್ತಿರುವಾಗ ಆಯಿಲು ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರೆ, ಅಲ್ಲಿಂದ ಹೊಗೆಯು ಬುಸುಬುಸನೆ ನುಗ್ಗುತ್ತದೋ ನೋಡಿರಿ. ನುಗ್ಗಿದರೆ ರಿಂಗು ಮತ್ತು ಲೈನರು ಸವೆದಿವೆ. ಬೋರಿನ ಕೆಲಸದ ದೊಡ್ಡ ಖರ್ಚು ಬಾಗಿಲಲ್ಲಿ ನಿಂತಿದೆ.

4. ಕಣ್ಣಿಗೆ ಕಾಣದ ಭಾಗಗಳನ್ನು ಪರೀಕ್ಷಿಸತಕ್ಕದ್ದು

ನಮ್ಮ ಗದ್ದೆಯ ಸೀಮೆಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ರಾತ್ರಿಯೆಲ್ಲಾ ನಿಂತಿದ್ದ ಟ್ರಾಕ್ಟರಿನ ಗೇರ್ ಆಯಿಲಿನ ಕೆಳಗಣ ಬಿರಡೆಯನ್ನು, ಮಾರುವವನ ಅಪ್ಪಣೆ ಪಡೆದು, ಮೆಕ್ಯಾನಿಕನ ಕೈಯಿಂದ ಸ್ವಲ್ಪ ಸಡಿಲಿಸಿರಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಒಳಗೆ ನೀರಿದ್ದರೆ ಅದೇ ಮೊದಲು ಇಳಿಯುತ್ತದೆ. ಆಯಿಲಿನಲ್ಲಿ ಲೋಹದ ಚೂರುಗಳು ಬಂದರೆ ಗೇರೋ ಬೇರಿಂಗೋ ಸವೆದಿದೆ. ಇದನ್ನು ನೋಡದೆ ಕೊಂಡದ್ದೇ ನಾವು ಮಾಡಿದ ತಪ್ಪು.

ಕ್ಲಚ್ಚನ್ನು ನೋಡುವುದಕ್ಕೆ ಮುಂದೆ ಯಾರೂ ಇಲ್ಲದ ಬಯಲಿನಲ್ಲಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಇಂಜಿನು ನಿಂತುಹೋಗಬೇಕು, ನಿಲ್ಲದೆ ಓಡುತ್ತಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ ಅಲುಗಾಡಿಸಿದರೆ ಬುಷ್ಷು ಮತ್ತು ಬೇರಿಂಗುಗಳ ಸವೆತವು ತಿಳಿಯುತ್ತದೆ. ರೋಟವೇಟರನ್ನು ಲಿಫ್ಟಿನಿಂದ ಎತ್ತಿ ನಿಲ್ಲಿಸಿರಿ. ಅದು ಬೇಗನೆ ಇಳಿದರೆ, ಇಲ್ಲವೆ ತಲೆಯಾಡಿಸುವಂತೆ ಏರಿ ಇಳಿಯುತ್ತಿದ್ದರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆ ಉಂಟು. ಎತ್ತಿದ ಭಾರದ ಕೆಳಗೆ ಯಾರೂ ಹೋಗಕೂಡದು.

ಬಿಡಿಭಾಗಗಳು ಸಿಕ್ಕುವುವೋ ಎಂಬುದನ್ನೂ ಮೊದಲೇ ವಿಚಾರಿಸಿರಿ. ಎಚ್.ಎಂ.ಟಿ. ಕಂಪೆನಿಯು ಪಿಂಜೋರಿನಲ್ಲಿ 1971ರಿಂದ ಟ್ರಾಕ್ಟರುಗಳನ್ನು ಮಾಡಿತು. ಆದರೆ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ಒಪ್ಪಿತು. ಇಂಥ ಯಂತ್ರವು ಗಟ್ಟಿಯಾಗಿದ್ದರೂ, ಬೇಕಾದ ಭಾಗಗಳು ನಿಮ್ಮ ಪೇಟೆಯಲ್ಲಿ ದೊರೆಯುವುದನ್ನು ಖಚಿತಪಡಿಸಿಕೊಳ್ಳದೆ ಕೊಳ್ಳಬಾರದು.

5. ಕಾಗದಪತ್ರಗಳು

ಆರ್.ಸಿ.ಯಲ್ಲಿರುವ ಚಾಸಿ ನಂಬರು ಮತ್ತು ಇಂಜಿನ್ ನಂಬರು ಯಂತ್ರದ ಮೇಲಿರುವವುಗಳಿಗೆ ಸರಿಯಾಗಿರಬೇಕು. ಟ್ರಾಕ್ಟರಿನ ನೋಂದಣಿಯು 15 ವರುಷ ನಡೆಯುತ್ತದೆ; ಆಮೇಲೆ ನವೀಕರಿಸಬೇಕು. ಟ್ರೈಲರಿಗೆ ಬೇರೆ ನೋಂದಣಿ ಉಂಟು. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದ ಪತ್ರವನ್ನೂ ಫಾರಂ 35ನ್ನೂ ಪಡೆಯದೆ ಪೂರ್ತಿ ಹಣವನ್ನು ಕೊಡಬೇಡಿರಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ಮಾರಿದವನೂ ಇದರಲ್ಲಿ ಅಲಕ್ಷ್ಯ ಮಾಡಬಾರದು. ಯಾಕಂದರೆ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆಯು ಆರ್.ಸಿ.ಯಲ್ಲಿ ಹೆಸರಿರುವವನ ಮೇಲೆಯೇ ಬೀಳುವುದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ.

6. ನ್ಯಾಯವಾದ ಬೆಲೆ ಯಾವುದು?

ಅದೇ ಮಾದರಿಯ, ಅದೇ ವಯಸ್ಸಿನ, ಸುಸ್ಥಿತಿಯಲ್ಲಿರುವ ಟ್ರಾಕ್ಟರಿಗೆ ಎಷ್ಟು ಬೆಲೆಯೆಂದು ಮೂರು ಕಡೆ ವಿಚಾರಿಸಿರಿ. ಅದರಿಂದ ಈ ಟ್ರಾಕ್ಟರನ್ನು ಆ ಸ್ಥಿತಿಗೆ ತರುವ ಖರ್ಚನ್ನು ಕಳೆಯಿರಿ. ದೃಷ್ಟಾಂತಕ್ಕೆ, ಒಳ್ಳೆಯದಕ್ಕೆ 2,60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಿಂದಿನ ಟೈರುಗಳಿಗೆ 45,000, ಕ್ಲಚ್ಚಿಗೆ 12,000, ಮುಂದಿನ ಬುಷ್ಷು ಬೇರಿಂಗುಗಳಿಗೆ 6,000, ಕಾಗದಪತ್ರಗಳಿಗೆ 7,000, ಕೂಡಿ 70,000. ಉಳಿಯುವುದು 1,90,000. ಕಾಣದ ದೋಷಕ್ಕಾಗಿ 20,000 ತೆಗೆದಿಟ್ಟರೆ 1,70,000. ಈ ಎರಡರ ನಡುವೆ ಒಪ್ಪಂದವಾದರೆ ಇಬ್ಬರಿಗೂ ನ್ಯಾಯ. ಈ ಅಂಕೆಗಳು ಲೆಕ್ಕದ ರೀತಿಯನ್ನು ತೋರಿಸುವವೇ ಹೊರತು ಪೇಟೆಯ ಧಾರಣೆಯಲ್ಲ. ನಿಮ್ಮ ಮೆಕ್ಯಾನಿಕನಿಂದ ನಿಮ್ಮ ಅಂಕೆಗಳನ್ನು ಬರೆಯಿಸಿಕೊಳ್ಳಿರಿ. ನಾಲೆಗೆ ನೀರು ಬಿಡುವ ಕಾಲದ ಅವಸರದಲ್ಲಿ ಕೊಳ್ಳದೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಹುಡುಕುವುದು ಲೇಸು.

ಕಡೆಯದಾಗಿ ಒಂದು ಮಾತು. ನ್ಯಾಯವು ಕೊಳ್ಳುವವನಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಗಂಡನನ್ನು ಕಳೆದುಕೊಂಡ ತಾಯಿಯು ಸಾಲದ ಒತ್ತಾಯದಿಂದ ಟ್ರಾಕ್ಟರನ್ನು ಮಾರಲು ಬಂದಾಗ, ಯಂತ್ರದ ದೋಷಗಳಿಗೆ ಬೆಲೆಯನ್ನು ಕಳೆಯಬಹುದು. ಆಕೆಯ ಕಷ್ಟಕ್ಕಾಗಿ ಕಳೆಯಕೂಡದು. ಹಾಗೆಯೇ ನಾವು ಮಾರುವಾಗ ನಮಗೆ ತಿಳಿದ ದೋಷವನ್ನು ಕೇಳುವ ಮೊದಲೇ ಹೇಳೋಣ. ನಮ್ಮಿಂದ ಕೊಂಡವನು ನಾಳೆ ದಾರಿಯಲ್ಲಿ ಎದುರಾದಾಗ ನಾವು ಮುಖವನ್ನು ತಿರುಗಿಸಿಕೊಳ್ಳುವಂತಾಗಬಾರದು.

ಪ್ರಶ್ನೆಗಳು

1. ಗದ್ದೆಯಲ್ಲಿ ದುಡಿದ ಟ್ರಾಕ್ಟರಿನ ಯಾವ ಭಾಗಗಳನ್ನು ವಿಶೇಷವಾಗಿ ನೋಡಬೇಕು? ಯಾಕೆ?
2. ಇಂಜಿನು ತಣ್ಣಗಿರುವಾಗಲೇ ಯಾಕೆ ಪರೀಕ್ಷಿಸಬೇಕು?
3. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಏನು ಮಾಡತಕ್ಕದ್ದು?
4. ಬೆಲೆಯಲ್ಲಿ ಯಾವುದನ್ನು ಕಳೆಯಬಹುದು? ಯಾವುದನ್ನು ಕಳೆಯಕೂಡದು?