ಹೋಟೆಲಿನ ಹಾಡು, ನೆರೆಮನೆಯ ನಿದ್ದೆ: ಕಾನೂನು ಎಲ್ಲಿ ಗೆರೆ ಎಳೆದಿದೆ?

ಬೆಂಗಳೂರಿನ ರೆಸ್ಟೋರೆಂಟುಗಳಲ್ಲಿ ಲೈವ್ ಬ್ಯಾಂಡ್ ನಡೆಸಲು ಪೊಲೀಸ್ ಕಮಿಷನರ್ ಲೈಸೆನ್ಸ್ ಬೇಕು. ಹೀಗೆಂದು ಹೇಳುವ 2005ರ ಆದೇಶವನ್ನು ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಪ್ರಶ್ನಿಸಿತ್ತು. ಸುಪ್ರೀಂ ಕೋರ್ಟ್ 2018ರ ಜನವರಿ 25ರಂದು ಆದೇಶವನ್ನೇ ಎತ್ತಿಹಿಡಿಯಿತು. ಆದರೆ ಅದರ ವ್ಯಾಪ್ತಿ ಬೆಂಗಳೂರು ನಗರಕ್ಕಷ್ಟೇ. ಹಾಗಾದರೆ ನಮ್ಮ ತುಮಕೂರು ಜಿಲ್ಲೆಯಲ್ಲಿ, ಶಿರಾದ ಹೆದ್ದಾರಿ ಬದಿಯ ಡಾಬಾದಲ್ಲಿ, ಮಧುಗಿರಿಯ ಪೇಟೆಯ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ, ಕೊರಟಗೆರೆ ಅಥವಾ ಪಾವಗಡದ ಕಲ್ಯಾಣ ಮಂಟಪದಲ್ಲಿ ಆರ್ಕೆಸ್ಟ್ರಾ, ಡಿಜೆ ಇಟ್ಟರೆ ಕೇಳುವವರೇ ಇಲ್ಲವೇ? ಇದ್ದಾರೆ. ಇಡೀ ದೇಶಕ್ಕೆ ಅನ್ವಯಿಸುವ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು 2000ನೇ ಇಸವಿಯಿಂದ ಜಾರಿಯಲ್ಲಿವೆ. ಈ ನಿಯಮಗಳು ಹಾಡನ್ನು ನಿಷೇಧಿಸುವುದಿಲ್ಲ. ಸದ್ದು ಎಷ್ಟು ಹೊತ್ತಿನವರೆಗೆ, ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮಾತ್ರ ಹೇಳುತ್ತವೆ.

ಮಿತಿ ಎಷ್ಟು?

ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಘೋಷಿತ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಖಾಸಗಿ ಸ್ಥಳದ ಸೌಂಡ್ ಸಿಸ್ಟಂನ ಸದ್ದು ಆ ಸ್ಥಳದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಅಂದರೆ ವಾಣಿಜ್ಯ ಬೀದಿಯ ಹೋಟೆಲಿನ ಕಾಂಪೌಂಡಿನ ಬಳಿ ಹಗಲು 70, ವಸತಿ ಬೀದಿಯಲ್ಲಾದರೆ 60. ನಮ್ಮ ಪೇಟೆಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಇಂಥ ಮಿಶ್ರ ಪ್ರದೇಶ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಸಕ್ಷಮ ಪ್ರಾಧಿಕಾರ ತೀರ್ಮಾನಿಸುತ್ತದೆ, ಹೋಟೆಲ್ ಮಾಲೀಕರಲ್ಲ.

ರಾತ್ರಿ 10ರ ನಂತರದ ನಿಯಮ ಇನ್ನೂ ಸರಳ. ಧ್ವನಿವರ್ಧಕ ಮಾತ್ರವಲ್ಲ, ಸಂಗೀತ ವಾದ್ಯವನ್ನೂ ತೆರೆದ ಜಾಗದಲ್ಲಿ ನುಡಿಸುವಂತಿಲ್ಲ. ಸಭಾಂಗಣ, ಸಮುದಾಯ ಭವನ, ಔತಣಕೂಟದ ಹಾಲ್‌ನಂಥ ಮುಚ್ಚಿದ ಕಟ್ಟಡದೊಳಗೆ, ಒಳಗಿದ್ದವರಿಗಷ್ಟೇ ಕೇಳಿಸುವ ಬಳಕೆಗೆ ವಿನಾಯಿತಿ ಇದೆ. ಟೆರೇಸು, ಶಾಮಿಯಾನ, ಹಿತ್ತಲ ಲಾನ್ ಮುಚ್ಚಿದ ಕಟ್ಟಡವಾಗುವುದಿಲ್ಲ.

ಮಾಲೀಕರು ಮಾಡಬೇಕಾದದ್ದು

ಹಗಲಾದರೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಕಡ್ಡಾಯ. 2022ರ ಮೇ 10ರ ರಾಜ್ಯ ಸರ್ಕಾರದ ಆದೇಶದಂತೆ, ಕಮಿಷನರೇಟ್ ಇಲ್ಲದ ಕಡೆ ಡಿವೈಎಸ್‌ಪಿ, ತಹಶೀಲ್ದಾರ್ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಇರುವ ಸಮಿತಿ ಇದನ್ನು ನಿರ್ಧರಿಸುತ್ತದೆ. ನಗರಸಭೆ, ಪುರಸಭೆಯ ಟ್ರೇಡ್ ಲೈಸೆನ್ಸಾಗಲಿ ಅಬಕಾರಿ ಲೈಸೆನ್ಸಾಗಲಿ ಇದ್ದ ಮಾತ್ರಕ್ಕೆ ಸೌಂಡ್ ಅನುಮತಿ ಸಿಕ್ಕಂತಲ್ಲ. ಅನುಮತಿಪತ್ರವನ್ನು ಕ್ಯಾಷ್ ಕೌಂಟರ್ ಬಳಿ ತೂಗುಹಾಕಿ. ಸ್ಪೀಕರಿನ ಮುಖ ಮನೆಗಳ ಕಡೆ ತಿರುಗದಂತೆ ನೋಡಿಕೊಳ್ಳಿ. ಗೋಡೆ ದಾಟಿ ಹೆಚ್ಚು ದೂರ ಹೋಗುವುದು ಬಾಸ್ ಸದ್ದು, ಹಾಡುಗಾರರ ದನಿಯಲ್ಲ. ಅದೊಂದನ್ನು ಇಳಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ನೆರೆಯವರು ದೂರು ಕೊಡುವ ಕ್ರಮ

1. ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ರಾತ್ರಿ 10ರ ನಂತರದ ಉಲ್ಲಂಘನೆಗೆ ಡೆಸಿಬೆಲ್ ಲೆಕ್ಕ ಕೊಡಬೇಕಿಲ್ಲ; ಸಮಯ ಮೀರಿದೆ ಎಂಬುದೇ ದೂರಿಗೆ ಸಾಕು. ಹಗಲಿನ ದೂರಿಗೆ ಮಾತ್ರ ಸದ್ದು ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಇರಬೇಕು. ಮೊಬೈಲ್ ಆ್ಯಪ್‌ನ ಅಂಕಿ ಅಂದಾಜಿಗಷ್ಟೇ. ಅಳತೆಗೆ ಮಾಲಿನ್ಯ ಮಂಡಳಿಯ ತುಮಕೂರು ಕಚೇರಿಯನ್ನು ಕೋರಿ.

2. ಮಾರನೆಯ ದಿನ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದಿನಾಂಕ, ಶುರುವಾದ ಮತ್ತು ನಿಂತ ಹೊತ್ತು, ಸ್ಥಳ ಬರೆಯಿರಿ. ಸಮಯ ಕಾಣುವಂಥ ವಿಡಿಯೊ ಲಗತ್ತಿಸಿ. ದೂರಿನ ಒಂದು ಪ್ರತಿಯನ್ನು ಡಿವೈಎಸ್‌ಪಿಗೆ ಕಳುಹಿಸಿ. ನಿಯಮ 8ರಡಿ ಪ್ರಾಧಿಕಾರ ಸಂಗೀತವನ್ನು ನಿಲ್ಲಿಸಲು ಅಥವಾ ನಿಯಂತ್ರಿಸಲು ಲಿಖಿತ ಆದೇಶ ಹೊರಡಿಸಬಹುದು. ಆ ಆದೇಶ ಬದಲಿಸಿ ಎಂದು ಅರ್ಜಿ ಹಾಕುವ ಹಕ್ಕು ಮಾಲೀಕರಿಗೂ ಇದೆ.

3. ಅನುಮತಿ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅದರ ಪ್ರತಿ ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು.

4. ಬೀದಿಯ ಜನರಿಗೆಲ್ಲ ತೊಂದರೆಯಾಗುತ್ತಿದ್ದರೆ ಉಪವಿಭಾಗ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಅದು ಮಧುಗಿರಿಯ ಉಪವಿಭಾಗಾಧಿಕಾರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಅವರು ಉಪದ್ರವ ನಿಲ್ಲಿಸಲು ಷರತ್ತಿನ ಆದೇಶ ಹೊರಡಿಸಿ, ಎದುರು ಪಕ್ಷದ ಅಹವಾಲು ಕೇಳುತ್ತಾರೆ.

5. ತೊಂದರೆ ನಿಮ್ಮ ಮನೆಗಷ್ಟೇ ಆದರೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆಗೆ ದಾವೆ ಹೂಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಪಾವಗಡದವರಿಗೆ ಒಂದು ಮಾತು: ತಾಲ್ಲೂಕಿನ ಬಹುಪಾಲು ಗಡಿ ಆಂಧ್ರಕ್ಕೆ ತಾಗಿದೆ. ನಿಯಮ ಕೇಂದ್ರದ್ದಾದ್ದರಿಂದ ಎರಡೂ ಕಡೆ ಒಂದೇ. ಸದ್ದು ಆ ಬದಿಯಿಂದ ಬಂದರೆ ದೂರು ಆ ಬದಿಯ ಪೊಲೀಸರಿಗೆ ಹೋಗಬೇಕು.

ಶಿಕ್ಷೆ ಏನು?

ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 292ರಡಿ 1,000 ರೂಪಾಯಿವರೆಗೆ ದಂಡ. ನಿಲ್ಲಿಸಿ ಎಂಬ ಆದೇಶ ಬಂದ ಮೇಲೂ ಮುಂದುವರಿಸಿದರೆ ಕಲಂ 293ರಡಿ ಆರು ತಿಂಗಳವರೆಗೆ ಸಾದಾ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಬ್ದ ನಿಯಮಗಳಿಗೆ ಮೂಲವಾದ ಪರಿಸರ (ಸಂರಕ್ಷಣೆ) ಅಧಿನಿಯಮದ ದಂಡ ಇದಕ್ಕಿಂತ ಭಾರಿ: 2024ರ ಏಪ್ರಿಲ್ 1ರಿಂದ ಅದು 10,000 ರೂಪಾಯಿಯಿಂದ 15 ಲಕ್ಷದವರೆಗೆ.

ಜಾತ್ರೆ, ನಾಟಕಗಳ ಪ್ರಶ್ನೆ

ಹೋಟೆಲಿನವರು ಕೇಳುವ ನ್ಯಾಯವಾದ ಪ್ರಶ್ನೆಯೊಂದಿದೆ: ಊರಿನಲ್ಲಿ ಬೆಳಗಿನ ಜಾವದವರೆಗೆ ಪೌರಾಣಿಕ ನಾಟಕ ಮೈಕಿನಲ್ಲಿ ನಡೆಯುವಾಗ ನಮಗೇಕೆ ಹತ್ತರ ಗಡುವು? ಉತ್ತರ: ಗಡುವು ಇಬ್ಬರಿಗೂ ಒಂದೇ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ ಗರಿಷ್ಠ 15 ದಿನ, ಅದೂ ರಾತ್ರಿ 12ರವರೆಗೆ ಮಾತ್ರ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಈ ಅಧಿಕಾರವನ್ನು ಕೆಳಗಿನವರಿಗೆ ವಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಅಕ್ಟೋಬರಿನಲ್ಲಿ ಹೇಳಿದೆ. ಅದೇ ವರ್ಷದ ಜುಲೈ 18ರ ತೀರ್ಪಿನಲ್ಲಿ, ಸದ್ದಿಲ್ಲದೆ ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದೂ, ಕೇಳಲು ಇಷ್ಟವಿಲ್ಲದವರ ಕಿವಿಗೆ ಬಲವಂತವಾಗಿ ಸದ್ದು ತುಂಬುವ ಹಕ್ಕು ಯಾರಿಗೂ ಇಲ್ಲವೆಂದೂ ಕೋರ್ಟ್ ಸ್ಪಷ್ಟಪಡಿಸಿದೆ. ಹಳ್ಳಿಯ ನಾಟಕಕ್ಕೆ ಕಣ್ಣುಮುಚ್ಚಿ ಹೋಟೆಲಿಗೆ ಮಾತ್ರ ನೋಟಿಸ್ ಕೊಟ್ಟರೆ ಅದು ತಾರತಮ್ಯ. ನಾಟಕದ ಹೆಸರು ಹೇಳಿ ಹೋಟೆಲಿಗೂ ರಿಯಾಯಿತಿ ಕೇಳುವುದು ಕಾನೂನಿನಲ್ಲಿ ನಿಲ್ಲದ ವಾದ.

ವಾದ್ಯದವರ ಹೊಟ್ಟೆಪಾಡೂ ಮಾಲೀಕರ ವ್ಯಾಪಾರವೂ ನಡೆಯಬೇಕು. ಪರೀಕ್ಷೆಗೆ ಓದುವ ಮಕ್ಕಳೂ ಹಾಸಿಗೆ ಹಿಡಿದ ಹಿರಿಯರೂ ಮಲಗಬೇಕು. ಆದ್ದರಿಂದ ಮಾಲೀಕರು ಕಾರ್ಯಕ್ರಮಕ್ಕೆ ಮುಂಚೆ ಅನುಮತಿ ಪಡೆಯಲಿ, ನೆರೆಯವರು ರಸ್ತೆಯಲ್ಲಿ ಜಗಳಕ್ಕೆ ನಿಲ್ಲುವ ಬದಲು ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಲಿ.