ಹಣ ಹೋಯಿತು, ರಸೀದಿ ಬರಲಿಲ್ಲ

ಮಂಡ್ಯದ ವಿ.ಸಿ. ಫಾರಂನ ಓದುಗರ ಪ್ರಶ್ನೆ: ಮಗಳ ವಿಶ್ವವಿದ್ಯಾಲಯದ ಶುಲ್ಕವನ್ನು ಯುಪಿಐನಲ್ಲಿ ಕಟ್ಟಿದೆ. ಖಾತೆಯಿಂದ ಹಣ ಕಡಿತವಾಗಿದೆ, ಪೋರ್ಟಲ್‌ನಲ್ಲಿ ‘ಬಾಕಿ’ ಎಂದೇ ಇದೆ. ಗಡುವಿಗೆ ಮೂರೇ ದಿನ. ಮತ್ತೆ ಕಟ್ಟಲೇ?

ಉತ್ತರ: ಇವತ್ತೇ ಕಟ್ಟಬೇಡಿ. ಎಷ್ಟೋ ಸಲ ಹಣ ಸಂಸ್ಥೆಗೆ ಸೇರಿರುತ್ತದೆ, ಪೋರ್ಟಲ್‌ನ ಲೆಕ್ಕಕ್ಕೆ ಮಾತ್ರ ಬಂದಿರುವುದಿಲ್ಲ. ಎರಡನೇ ಸಲ ಕಟ್ಟಿದ್ದನ್ನು ವಾಪಸ್ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕಾದೀತು. ಸೇರದೇ ಇದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ 5 ದಿನದೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಷ್ಟರಲ್ಲಿ ಗಡುವು ದಾಟುತ್ತದಲ್ಲ ಎಂಬ ನಿಮ್ಮ ಆತಂಕ ನ್ಯಾಯವಾದದ್ದೇ. ಅದಕ್ಕೇ ಖಾತೆಯ ವಿವರ, 12 ಅಂಕಿಯ ವಹಿವಾಟು ಸಂಖ್ಯೆ, ಮಗಳ ನೋಂದಣಿ ಸಂಖ್ಯೆ ಸೇರಿಸಿ ಇಂದೇ ವಿಶ್ವವಿದ್ಯಾಲಯದ ಹಣಕಾಸು ಶಾಖೆಗೆ ಅರ್ಜಿ ಕೊಡಿ, ಕಾಲಾವಕಾಶ ಕೇಳಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಮಾತ್ರ ಕೊನೆಯ ದಿನ ಚಲನ್‌ನಲ್ಲಿ ಕಟ್ಟಿ. ಸೀಟು ಹಣಕ್ಕಿಂತ ದೊಡ್ಡದು.

ಬ್ಯಾಂಕಿಗೂ ಬರವಣಿಗೆಯಲ್ಲೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಗೂಗಲ್‌ನಲ್ಲಿ ಹುಡುಕಿದ ‘ಕಸ್ಟಮರ್ ಕೇರ್’ ನಂಬರಿಗೆ ಮಾತ್ರ ಕರೆ ಮಾಡಬೇಡಿ. ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಿ. ಪ್ರವೇಶವೇ ರದ್ದಾದರೆ ವಕೀಲರನ್ನು ಕಾಣಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ನೆರವು ಉಚಿತ.